ಎಡಗಡೆಯಿಂದ ಬಂದ ಹಡಗು

ನನ್ನ ತಂಗಿಗೆ ಎಡಗಡೆ ಕಾಣುತ್ತಿಲ್ಲವೆಂದು ಮೊದಲು ಗೊತ್ತಾದದ್ದು ನನಗೆ. ಅವಳಿಗೂ ಮೊದಲು. ಡಾಕ್ಟರಿಗಿಂತ ಮೂರು ತಿಂಗಳು ಮೊದಲು.

ನಾನು ಯಾರಿಗೂ ಹೇಳಲಿಲ್ಲ.

ಹೊಳಲ್ಕೆರೆಯ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನದೊಂದು ಟಿ.ವಿ. ರಿಪೇರಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಅವ್ವ, ನಾನು, ತಂಗಿ ಮಂಜುಳ, ಮೂವರೇ ಇರುವುದು. ನಾವು ಹಿರೇಗುಂಟನೂರು ಕಡೆಯ ಕುರಿ ಸಾಕುವ ಮನೆಯವರು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಮಂದೆಯ ಹಿಂದೆ ಹೋದೆ. ಮಂಜುಳ ಸಿರಿಗೆರೆಯ ಹಾಸ್ಟೆಲಿನಲ್ಲಿದ್ದು ಓದಿದಳು, ಬಿ.ಎಡ್. ಮಾಡಿದಳು, ರಾಮಗಿರಿ ಹತ್ತಿರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಡಂ ಆದಳು. ಅಪ್ಪ ತೀರಿಕೊಂಡ ಮೇಲೆ ನಾನು ಕುರಿ ಬಿಟ್ಟು ಚಿತ್ರದುರ್ಗದಲ್ಲಿ ಒಬ್ಬರ ಹತ್ತಿರ ಟಿ.ವಿ. ಕೆಲಸ ಕಲಿತೆ. ಅವಳು ಓದಿದ್ದು ನನಗೆ ಸಂತೋಷವೇ. ಆದರೆ ಆ ಸಂತೋಷದ ಅಡಿಯಲ್ಲಿ ಇನ್ನೊಂದು ಇತ್ತು. ಅದಕ್ಕೆ ನಾನು ಯಾವತ್ತೂ ಹೆಸರಿಟ್ಟಿರಲಿಲ್ಲ.

ಹಿರಿಯೂರಿನಲ್ಲಿ ಮುಚ್ಚಿಹೋಗಿದ್ದ ಒಂದು ವಿಡಿಯೋ ಗೇಮ್ ಅಂಗಡಿಯಿಂದ ಹಳೆಯ ಡಬ್ಬಾ ಟಿ.ವಿ.ಗಳನ್ನು ಬಿಡಿಭಾಗಕ್ಕೆಂದು ತಂದಿದ್ದೆ. ಅವುಗಳ ಜೊತೆ ಒಂದು ಗೇಮಿನ ಪೆಟ್ಟಿಗೆ, ಎರಡು ಜಾಯ್‌ಸ್ಟಿಕ್, ಲೇಬಲ್ ಹರಿದ ಒಂದೇ ಒಂದು ಕ್ಯಾಸೆಟ್ ಬಂದಿತ್ತು. ಪೆಟ್ಟಿಗೆಯೊಳಗೆ ಸುಟ್ಟಿದ್ದನ್ನು ಬದಲಿಸಿ, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಹಾಕಿದೆ. ಕಪ್ಪು ಪರದೆ. ಬಿಳಿ ಚುಕ್ಕೆಗಳು. ಸ್ವಲ್ಪ ಹೊತ್ತಿಗೆ ಆ ಚುಕ್ಕೆಗಳು ನಕ್ಷತ್ರಗಳೆಂದು ಗೊತ್ತಾಯಿತು. ನಡುವೆ ಒಂದು ದೊಡ್ಡ ಆಕಾಶ ಹಡಗು.

ಇಬ್ಬರು ಆಡುವ ಆಟ ಅದು. ಒಬ್ಬರು ದೊಡ್ಡ ಹಡಗಿನ ಕ್ಯಾಪ್ಟನ್. ಎಂಜಿನ್ನಿಗೆ ಎಷ್ಟು ಶಕ್ತಿ, ಎಡಗಡೆಯ ರಕ್ಷಣೆಗೆ ಎಷ್ಟು, ಬಲಗಡೆಗೆ ಎಷ್ಟು ಎಂದು ಮೊದಲೇ ಹಂಚಬೇಕು. ಎಲ್ಲ ಇಂಗ್ಲಿಷಿನಲ್ಲಿ ಬರುತ್ತದೆ. ಇನ್ನೊಬ್ಬರದು ಶತ್ರುವಿನ ಚಿಕ್ಕ ಹಡಗು. ಎಡದಿಂದ ಬರಬಹುದು, ಬಲದಿಂದ ಬರಬಹುದು, ಹೊಡೆದು ಓಡಬಹುದು.

"ನಾನೇ ಕ್ಯಾಪ್ಟನ್," ಎಂದಳು ಮಂಜುಳ. "ನಿಂಗೆ ಇಂಗ್ಲಿಷ್ ಬರಲ್ಲ."

"ಹಂಗಾದ್ರೆ ನಾನು?"

"ನೀನು ಕಳ್ಳ. ಕಳ್ಳಂಗೆ ಓದಕ್ಕೆ ಬರಬೇಕು ಅಂತೇನಿಲ್ಲ."

ಅವ್ವ ಒಳಗಿನಿಂದ ನಕ್ಕಳು. ನಾನೂ ನಕ್ಕೆ.

ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಅಂಗಡಿಯ ಅರ್ಧ ಬಾಗಿಲು ತೆಗೆದು ಆಡುತ್ತಿದ್ದೆವು. ಪ್ರತಿ ಸಲ ಅವಳೇ ಗೆಲ್ಲುತ್ತಿದ್ದಳು. ಗೆದ್ದ ಮೇಲೆ ಜಾಯ್‌ಸ್ಟಿಕ್ ಇಟ್ಟು, ಮಕ್ಕಳಿಗೆ ಹೇಳುವ ಹಾಗೆ, "ಪರ್ವಾಗಿಲ್ಲ, ಮುಂದಿನ್ಸಲ ನೋಡಾಣ," ಎನ್ನುತ್ತಿದ್ದಳು. ತಮಾಷೆಗೇ. ನನಗೆ ಅದು ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು.

ದಸರಾ ರಜೆ ಮುಗಿದ ಮೇಲಿನ ಒಂದು ಭಾನುವಾರ ನಾನು ಎಡಗಡೆಯಿಂದ ಬಂದೆ. ಅವಳು ಹಡಗನ್ನು ತಿರುಗಿಸಲಿಲ್ಲ. ಹತ್ತಿರ ಬಂದೆ. ತಿರುಗಿಸಲಿಲ್ಲ. ಹೊಡೆದೆ. ಪರದೆ ಕೆಂಪಾಯಿತು.

"ಎಲ್ಲಿಂದ ಬಂದೆ ಅಣ್ಣ ನೀನು?"

ಮತ್ತೆ ಬಲದಿಂದ ಹೋದೆ. ಅಂಚಿನಲ್ಲಿ ಮೂತಿ ತೋರಿಸುವ ಮೊದಲೇ ಹೊಡೆದು ಹಾಕಿದಳು. ಎಡದಿಂದ ಹೋದೆ. ಸುಮ್ಮನೆ ಕುಳಿತಿದ್ದಳು, ನಡುವಿನ ಹಡಗನ್ನೇ ನೋಡುತ್ತ. ಬೇಕೆಂದೇ ಮೂರು ಸಲ ಹಾಗೆ ಮಾಡಿ ನೋಡಿದೆ. ಮೂರು ಸಲವೂ ಅಷ್ಟೇ.

ಆಗ ನನಗೆ ಒಂದು ಕುರಿ ನೆನಪಾಯಿತು. ಇದನ್ನು ಬರೆಯುವುದಕ್ಕಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು.

ನಾನು ಮಂದೆಯ ಹಿಂದೆ ಹೋಗತೊಡಗಿದ ಹೊಸದರಲ್ಲಿ, ಒಂದು ಹೆಣ್ಣು ಕುರಿ ಬೇಲಿಗೆ ಒಂದೇ ಮಗ್ಗುಲು ಉಜ್ಜಿಕೊಂಡು ನಡೆಯುತ್ತಿತ್ತು. ಆ ಕಡೆಯಿಂದ ಕೈ ಬೀಸಿದರೆ ಕಣ್ಣು ಮಿಟುಕಿಸುತ್ತಿರಲಿಲ್ಲ. ಅಪ್ಪನಿಗೆ ಹೇಳಿದೆ. ಅವನು ಅದರ ತಲೆಬುರುಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದರ ತಲೆಯೊಳಗೆ ನೀರುಗುಳ್ಳೆ ಐತೆ," ಎಂದ. "ನಿಂಗೆ ಕುರಿಯೋನ ಕಣ್ಣು ಐತಲೇ," ಎಂದು ನನ್ನ ಬೆನ್ನು ತಟ್ಟಿದ. ಜೀವನದಲ್ಲಿ ನನಗೆ ಸಿಕ್ಕ ದೊಡ್ಡ ಶಹಬ್ಬಾಸ್ ಅದು. ಕೆಲವು ದಿನಕ್ಕೆ ಆ ಕುರಿ ಕತ್ತನ್ನು ಒಂದೇ ಕಡೆಗೆ ಎಳೆದುಕೊಂಡು ನಿಂತಲ್ಲೇ ಸುತ್ತತೊಡಗಿತು. ಆಮೇಲೆ ಒಂದು ಬೆಳಿಗ್ಗೆ ಕುರಿ ಕೂಡುವ ರೊಪ್ಪದಲ್ಲಿ ಅದು ಇರಲಿಲ್ಲ. ಏನು ಮಾಡಿದೆ ಎಂದು ಅಪ್ಪನನ್ನು ನಾನು ಕೇಳಲಿಲ್ಲ.

ಕುರಿಯ ವಿಷಯದಲ್ಲಿ ಒಂದೇ ದಿನಕ್ಕೆ ಹೇಳಿದವನು ನಾನು. ತಂಗಿಯ ವಿಷಯದಲ್ಲಿ ಹೇಳಲಿಲ್ಲ. ಯಾಕೆಂದರೆ ಗೆಲ್ಲುತ್ತಿದ್ದೆ.

ಛೇ, ಅದೆಲ್ಲಿ, ಇದೆಲ್ಲಿ, ಆಟದಲ್ಲಿ ಮೈಮರೆತಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಮುಂದಿನ ಭಾನುವಾರವೂ ಎಡದಿಂದಲೇ ಹೋದೆ. ಅದರ ಮುಂದಿನದೂ. ಅನುಮಾನ ಬಾರದಿರಲಿ ಎಂದು ನಡುನಡುವೆ ಬಲದಿಂದ ಹೋಗಿ ಸೋಲುತ್ತಿದ್ದೆ. ಗೆದ್ದಾಗಲೆಲ್ಲ ಅಂಗಡಿಯ ಗೋಡೆಗೆ ಪೆನ್ಸಿಲಿನಿಂದ ಒಂದು ಗೀಟು. ಕುರಿ ಎಣಿಸುವಾಗ ಅಪ್ಪ ಹಾಗೆಯೇ ಗೀಟು ಹಾಕುತ್ತಿದ್ದ.

ಅಷ್ಟರಲ್ಲಿ ಬೇರೆ ಲಕ್ಷಣಗಳೂ ಕಾಣಿಸತೊಡಗಿದವು. ಬಾಗಿಲು ದಾಟುವಾಗ ಅವಳ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಊಟಕ್ಕೆ ಕುಳಿತಾಗ ಎಡಕ್ಕಿಟ್ಟ ನೀರಿನ ಲೋಟ ಉರುಳುತ್ತಿತ್ತು. ಪುಸ್ತಕ ಓದುವಾಗ ಸಾಲಿನ ಶುರು ಸಿಗುತ್ತಿಲ್ಲ ಎನ್ನುತ್ತಿದ್ದಳು. ಒಂದು ಸಂಜೆ ಶಾಲೆಯಿಂದ ಬಂದು ನಗುತ್ತ ಹೇಳಿದಳು: "ಎಡಗಡೆ ಬೆಂಚಿನ ಹುಡ್ಗೀರು ನನ್ಮೇಲೆ ಹೆಡ್ಮಾಸ್ಟ್ರಿಗೆ ಕಂಪ್ಲೇಂಟ್ ಮಾಡ್ಯವರೆ. ಮೇಡಂ ನಮ್ಮನ್ನ ಪ್ರಶ್ನೇನೇ ಕೇಳಲ್ಲ ಅಂತ!"

ಅವ್ವ ನಕ್ಕಳು. ನನ್ನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು. ಆಗಲಾದರೂ ಹೇಳಬಹುದಿತ್ತು. ಆದರೆ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಒಂದು ವಾರ ತಡವಾದದ್ದು ಎರಡನೇ ವಾರಕ್ಕೆ ಇನ್ನೂ ಕಷ್ಟವಾಗುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಫೋನ್ ಬಂತು. ಮಂಜುಳ ಸ್ಕೂಟಿಯಿಂದ ಬಿದ್ದಿದ್ದಳು.

ರಾಮಗಿರಿ ರಸ್ತೆಯ ಪಕ್ಕ ಜಾಲಿ ಮರದ ಕೆಳಗೆ ಅವಳನ್ನು ಕೂರಿಸಿದ್ದರು. ಮೊಣಕೈ ತರಚಿತ್ತು, ಹಣೆ ಊದಿತ್ತು. ಎಡಗಡೆಯಿಂದ ರಸ್ತೆಗಿಳಿದ ಕುರಿಮಂದೆಯೊಳಗೆ ನೇರ ನುಗ್ಗಿದ್ದಳು. ಮಂದೆಯ ಮುದುಕ ಕಂಬಳಿ ಕೊಡವುತ್ತ ನಿಂತಿದ್ದ.

"ಇಷ್ಟು ದೊಡ್ಡ ಮಂದೆ ಕಾಣ್ಲಿಲ್ವೇನವ್ವ ನಿಂಗೆ? ಒಂದಲ್ಲ, ಎರಡಲ್ಲ, ನೂರೈವತ್ತು ಕುರಿ!"

"ಇಲ್ಲ ತಾತ," ಎಂದಳು ಮಂಜುಳ. "ಅಲ್ಲಿ ಏನೂ ಇರ್ಲಿಲ್ಲ."

ಮುದುಕ ನನ್ನ ಮುಖ ನೋಡಿದ. ಅವನಿಗೂ ಕುರಿಯವನ ಕಣ್ಣು. ನಾನು ಮುಖ ತಿರುಗಿಸಿದೆ.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಗಾಯಕ್ಕೆ ಪಟ್ಟಿ ಹಾಕಿದರು. ಕಣ್ಣ ಮುಂದೆ ಬೆರಳು ಆಡಿಸಿದರು. ಎಡಕ್ಕೆ ಹೋದ ಬೆರಳು ಅವಳಿಗೆ ಕಾಣಲಿಲ್ಲ. ಅವರು ನನ್ನ ಕಡೆ ತಿರುಗಿದರು.

"ಇದು ಮೊದಲಿನಿಂದ ಇತ್ತಾ? ಬಿದ್ದ ಮೇಲೆ ಆಗಿದ್ದಾ?"

"ಬಿದ್ದ ಮೇಲೇ ಸಾರ್," ಎಂದೆ.

ಬಾಯಿಂದ ಹಾಗೆ ಬಂದುಬಿಟ್ಟಿತು. ಮಂಜುಳ ತಲೆಯಾಡಿಸಿದಳು, ಅವಳು ನಿಜವಾಗಿಯೂ ಹಾಗೆಂದೇ ನಂಬಿದ್ದಳು. ಪೆಟ್ಟು ಬಿದ್ದು ತಲೆಯೊಳಗೆ ಸ್ವಲ್ಪ ಊತ ಇರಬಹುದು, ಮಾತ್ರೆ ತಗೊಳ್ಳಲಿ, ಎರಡು ವಾರ ನೋಡೋಣ ಎಂದರು ಡಾಕ್ಟರು. ನಾನು ಹೇಳಿದ್ದನ್ನು ನಂಬಿ ಅವರು ಹೇಳಿದ ಮಾತು ಅದು. ಅವರ ತಪ್ಪಲ್ಲ.

ಆ ದಿನಗಳಲ್ಲಿ ನಾನು ಸರಿಯಾಗಿ ಉಣ್ಣಲಿಲ್ಲ. ಅವಳು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಅವಳು ಅಂಗಳದಲ್ಲಿ ಒಂದು ಸುತ್ತು ತಿರುಗಿದರೂ ಕೆಲಸ ಬಿಟ್ಟು ಎದ್ದು ಓಡುತ್ತಿದ್ದೆ. ಕಣ್ಣು ಮುಚ್ಚಿದರೆ ಖಾಲಿ ರೊಪ್ಪ. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ನಾಳೆ ಬರುತ್ತಿತ್ತು. ಹೇಳುತ್ತಿರಲಿಲ್ಲ.

ಹನ್ನೆರಡನೇ ದಿನ, ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಅಂಗಡಿಯಲ್ಲಿ ನನ್ನ ಪಕ್ಕ ಸ್ಟೂಲಿನ ಮೇಲೆ ಕುಳಿತು ಅವಳು ಬಟಾಣಿ ಬಿಡಿಸುತ್ತಿದ್ದಳು. ಟಿ.ವಿ. ಆರಿತ್ತು.

"ಅಣ್ಣ, ಆಟ ಹಾಕಿದ್ಯಾ?"

"ಇಲ್ಲವಲ್ಲ."

"ಎಡಗಡೆ ನಕ್ಷತ್ರ ಕಾಣ್ತಾವೆ. ಕೆಂಪು, ಹಸ್ರು… ತಿರುಗ್ತಾ ಅವೆ."

ಬಟಾಣಿಯ ಬುಟ್ಟಿ ಬಿತ್ತು. ಅವಳ ಕಣ್ಣು, ಕತ್ತು ಎರಡೂ ಎಡಕ್ಕೆ ಎಳೆದುಕೊಂಡವು. ಆಮೇಲೆ ಇಡೀ ಮೈ ಸೆಟೆದು ಅದುರತೊಡಗಿತು.

ಅವ್ವ ಓಡಿ ಬಂದಳು. ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ನೋಡಿದಳು. ಅವಳೂ ಕುರಿ ಸಾಕಿದವಳು.

"ಆ ಕುರಿಗೆ ಆದಂಗೇ ಆಗೈತಲ್ಲೋ ತಿಪ್ಪೇಶ!"

ದಾವಣಗೆರೆಯಲ್ಲಿ ಎಂ.ಆರ್.ಐ. ಆಯಿತು. ತಲೆಯ ಹಿಂಭಾಗದಲ್ಲಿ, ಬಲಗಡೆ, ನಿಂಬೆಹಣ್ಣಿನ ಗಾತ್ರದ ಗಡ್ಡೆ. ಮೆನಿಂಜಿಯೋಮಾ, ಅಂದರೆ ಮೆದುಳಿನ ಪೊರೆಯಿಂದ ಬೆಳೆಯುವ ಗಡ್ಡೆ, ಇರಬಹುದು ಎಂದರು. ಕಣ್ಣು ಚೆನ್ನಾಗಿಯೇ ಇದೆ, ಕಣ್ಣು ಕಂಡದ್ದನ್ನು ತಿಳಿದುಕೊಳ್ಳುವ ಮೆದುಳಿನ ಭಾಗವನ್ನು ಗಡ್ಡೆ ಒತ್ತುತ್ತಿದೆ, ಬಲಗಡೆ ಒತ್ತಿದರೆ ಎಡಗಡೆಯ ನೋಟ ಹೋಗುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದರು. ಬೆಂಗಳೂರಿಗೆ ಕಳಿಸಿದರು.

ಅಲ್ಲಿ ಆಪರೇಷನ್ನಿಗೆ ಮುಂಚೆ ಫೀಲ್ಡ್ ಟೆಸ್ಟ್ ಎಂದು ಒಂದು ಮಾಡಿದರು. ದೊಡ್ಡ ಬಿಳಿ ಬಟ್ಟಲಿನಂಥ ಯಂತ್ರ. ಅದರೊಳಗೆ ಗಲ್ಲ ಇಟ್ಟು ನಡುವಿನ ಚುಕ್ಕೆಯನ್ನೇ ನೋಡಬೇಕು. ಅಲ್ಲಲ್ಲಿ ಬೆಳಕಿನ ಕಿಡಿ ಮೂಡುತ್ತದೆ. ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಟಿಕ್, ಟಿಕ್ ಎಂದು ಒತ್ತುತ್ತಿದ್ದಳು. ನಡುವೆ ಬಹಳ ಹೊತ್ತು ಸದ್ದೇ ಇರುತ್ತಿರಲಿಲ್ಲ. ಆ ಮೌನ ನನಗೆ ಪರಿಚಯದ್ದು. ನಾನು ಎಡದಿಂದ ನುಗ್ಗುತ್ತಿದ್ದದ್ದು ಅದರೊಳಗೇ.

ಹೊರಗೆ ಬಂದ ಕಾಗದದಲ್ಲಿ ಎಡಗಡೆ ಪೂರ್ತಿ ಕಪ್ಪು.

ಆಪರೇಷನ್ ಮಾಡುವ ಡಾಕ್ಟರಮ್ಮ ಅವಳ ಮಂಚದ ಪಕ್ಕ ಕುಳಿತು ಕೇಳಿದರು: "ಇದು ನಿಧಾನವಾಗಿ ಬೆಳೆಯೋ ಗಡ್ಡೆ. ಬಿದ್ದಿದ್ದರಿಂದ ಆಗಿದ್ದಲ್ಲ. ನಿಮಗೆ ಯಾವಾಗಿನಿಂದ ವ್ಯತ್ಯಾಸ ಅನ್ನಿಸ್ತಿದೆ, ನೆನಪು ಮಾಡ್ಕೊಳ್ಳಿ."

ಮಂಜುಳ ಯೋಚಿಸಿದಳು. ಆಮೇಲೆ ನಕ್ಕಳು.

"ನಮ್ಮಣ್ಣನ ಕೈಲಿ ಸೋಲಕ್ಕೆ ಶುರು ಮಾಡಿದ್ನಲ್ಲ ಮೇಡಂ, ಆವಾಗಿಂದ ಇರಬೋದು. ದಸರಾ ರಜೆ ಆದ್ಮೇಲಿಂದ. ಅಷ್ಟು ಬುದ್ಧಿ ನಮ್ಮಣ್ಣಂಗೆ ಎಲ್ಲಿಂದ ಬಂತು ಅಂತ ನಂಗೆ ಆಶ್ಚರ್ಯ ಆಗಿತ್ತು."

ಡಾಕ್ಟರಮ್ಮ ನಕ್ಕು ಬರೆದುಕೊಂಡರು. ನಾನೂ ನಕ್ಕೆ. ಆ ನಗು ನನ್ನ ಮುಖದ ಮೇಲೆ ಹೇಗಿತ್ತೋ ಗೊತ್ತಿಲ್ಲ. ಆಗಲೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳ ತಲೆ ಬೋಳಿಸಿ ಒಳಗೆ ಕರೆದೊಯ್ದರು. ಹೋಗುವಾಗ, "ಅವ್ವಂಗೆ ಏನಾರ ತಿನ್ಸು," ಎಂದಳು, ಅಷ್ಟೇ. ಆರು ಗಂಟೆ ಕಾಲ ಹೊರಗೆ ಕುಳಿತೆವು. ಬಾಗಿಲು ತೆರೆದಾಗಲೆಲ್ಲ ಅವ್ವ ಏಳುತ್ತಿದ್ದಳು, ಬೇರೆ ಯಾರದೋ ಹೆಸರು ಕೂಗುತ್ತಿದ್ದರು, ಮತ್ತೆ ಕುಳಿತುಕೊಳ್ಳುತ್ತಿದ್ದಳು. ಇವಳು ಬದುಕಿದರೆ ಹೇಳುತ್ತೇನೆ ಎಂದು ನಾನು ಮನಸ್ಸಿನಲ್ಲೇ ಹರಕೆ ಕಟ್ಟಿಕೊಂಡೆ. ಹಾಗೆ ಕಟ್ಟಿಕೊಂಡ ಮೇಲೆ ಇನ್ನೊಂದು ಭಯ ಹುಟ್ಟಿತು. ಅವಳು ಬದುಕದೇ ಹೋದರೆ ನಾನು ಹೇಳಬೇಕಾಗಿಲ್ಲವಲ್ಲ ಎಂಬ ಯೋಚನೆ ಒಂದು ಗಳಿಗೆ ತಲೆಯಲ್ಲಿ ಹಾದುಹೋಯಿತು. ಇದನ್ನೂ ಬರೆದುಬಿಡುತ್ತೇನೆ. ಹಾದುಹೋದದ್ದು ನಿಜ.

ಸಂಜೆಯ ಹೊತ್ತಿಗೆ ಐಸಿಯುವಿನಲ್ಲಿ ಕಣ್ಣು ಬಿಟ್ಟಳು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲ ಎಂದು ಬಂತು. ಹೆಚ್ಚುಕಮ್ಮಿ ಪೂರ್ತಿ ತೆಗೆದಿದ್ದೇವೆ, ನೋಟ ಎಷ್ಟು ವಾಪಸ್ ಬರುತ್ತದೆಂದು ಕಾದು ನೋಡಬೇಕು, ಮತ್ತೆ ಬೆಳೆಯುತ್ತಿದೆಯೇ ಎಂದು ತಿಳಿಯಲು ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು ಎಂದರು. ಡಿಸ್ಚಾರ್ಜ್ ದಿನ ಡಾಕ್ಟರಮ್ಮನನ್ನು ಒಬ್ಬನೇ ಹೋಗಿ ಕೇಳಿದೆ.

"ಮೂರು ತಿಂಗ್ಳು ಮೊದ್ಲೇ ಕರ್ಕಂಡು ಬಂದಿದ್ರೆ ಮೇಡಂ?"

"ಇನ್ನೂ ಸ್ವಲ್ಪ ದೃಷ್ಟಿ ಉಳೀತಿತ್ತೇನೋ. ಇಷ್ಟೇ ಇರ್ತಿತ್ತೇನೋ. ಖಚಿತವಾಗಿ ಹೇಳೋಕೆ ಆಗಲ್ಲ."

ಬೈದಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದು ಮೂರು ವಾರವಾಗಿತ್ತು. ತಲೆಗೆ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡು ಅವಳು ಅಂಗಡಿಗೆ ಬಂದಳು. "ಆಟ ಹಾಕಣ್ಣ, ಬೇಜಾರು," ಎಂದಳು. ನಾನು ಹಾಕಲಿಲ್ಲ. ಗೋಡೆಯ ಗೀಟುಗಳನ್ನು ತೋರಿಸಿದೆ. ಎಲ್ಲ ಹೇಳಿದೆ. ಬೇಕೆಂದೇ ಎಡದಿಂದ ಬಂದದ್ದು, ಕುರಿ ನೆನಪಾದದ್ದು, ಕ್ಲಿನಿಕ್ಕಿನಲ್ಲಿ ಸುಳ್ಳು ಹೇಳಿದ್ದು.

ಅವಳು ಗೋಡೆಯ ಹತ್ತಿರ ಹೋಗಿ ಬೆರಳಿಟ್ಟು ಗೀಟು ಎಣಿಸಿದಳು. ಎಡತುದಿಯವು ಅವಳಿಗೆ ಕಾಣಲಿಲ್ಲ. ತಲೆ ತಿರುಗಿಸಿ ಅವನ್ನೂ ಎಣಿಸಿದಳು.

"ಇಪ್ಪತ್ಮೂರು," ಎಂದಳು.

ಒಳಗೆ ಹೋದಳು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆಯಬೇಕಾದರೂ, "ಅವ್ವ, ಅವ್ನಿಗೆ ಹೇಳು," ಎನ್ನುತ್ತಿದ್ದಳು. ನನ್ನನ್ನು ಅವಳು 'ಅಣ್ಣ' ಎನ್ನದೆ 'ಅವನು' ಎಂದದ್ದು ಅದೇ ಮೊದಲು.

ನಾಲ್ಕನೇ ದಿನ ಬಂದು ಎದುರಿಗೆ ನಿಂತಳು.

"ನಾನು ಕುರಿ ಆಗಿದ್ರೆ ಹೇಳ್ತಿದ್ಯಾ?"

"ಹ್ಞೂಂ."

"ಹಂಗಾದ್ರೆ ಇನ್ಮೇಲೆ ಕುರಿ ಅಂತ್ಲೇ ತಿಳ್ಕಂಡು ನೋಡು. ಆಟ ಹಾಕು."

ಅವತ್ತಿನಿಂದ ಒಂದು ಕ್ರಮ ಮಾಡಿಕೊಂಡಿದ್ದೇವೆ. ಭಾನುವಾರ ಬೆಳಿಗ್ಗೆ ಅವಳು ಟಿ.ವಿ.ಯಿಂದ ಮೂರು ಅಡಿ ದೂರ ಕುಳಿತು ನಡುವಿನ ಹಡಗಿನ ಮೇಲೇ ಕಣ್ಣಿಡುತ್ತಾಳೆ. ನಾನು ಎಡ ಅಂಚಿನಿಂದ ನಿಧಾನವಾಗಿ ಬರುತ್ತೇನೆ. ಕಂಡ ತಕ್ಷಣ "ಬಂದ" ಎನ್ನುತ್ತಾಳೆ. ನಾನು ಅಲ್ಲೇ ನಿಂತು, ಎಡ ಅಂಚಿನಿಂದ ನನ್ನ ಹಡಗಿನವರೆಗೆ ಗಾಜಿನ ಮೇಲೆ ಎಷ್ಟು ಬೆರಳು ಎಂದು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಡಾಕ್ಟರಮ್ಮನಿಗೆ ಹೇಳಿದಾಗ, ಇದು ಟೆಸ್ಟ್ ಅಲ್ಲ, ಆದರೂ ಬರೆದಿಡಿ, ವ್ಯತ್ಯಾಸ ಕಂಡರೆ ಬನ್ನಿ ಎಂದರು. ಮೊದಲ ವಾರ ಹನ್ನೊಂದು ಬೆರಳು, ಹೆಚ್ಚುಕಮ್ಮಿ ಪರದೆಯ ನಡುವಿಗೇ ಬಂದಿದ್ದೆ. ಆಮೇಲೆ ಒಂಬತ್ತು. ಎಂಟು. ಬೇಸಿಗೆ ಮುಗಿಯುವ ಹೊತ್ತಿಗೆ ಐದು. ಬಹಳ ವಾರ ಐದರಲ್ಲೇ ನಿಂತಿತು. ಅವಳು ಬಸ್ಸಿನಲ್ಲಿ ಶಾಲೆಗೆ ಹೋಗತೊಡಗಿದಳು. ಸಾಲಿನ ಶುರುವಿಗೆ ಸ್ಕೇಲ್ ಇಟ್ಟುಕೊಂಡು ಓದುತ್ತಾಳೆ. ಎಡಗಡೆ ಬೆಂಚಿನ ಹುಡುಗಿಯರ ಹೆಸರು ಮೊದಲು ಕೂಗುತ್ತಾಳೆ.

ಹೋದ ತಿಂಗಳು ಒಂದು ಭಾನುವಾರ ನನ್ನ ಹಡಗು ಐದು ಬೆರಳು ದಾಟಿತು. ಅವಳು ಏನೂ ಅನ್ನಲಿಲ್ಲ. ಆರು. ಅನ್ನಲಿಲ್ಲ.

"ಬಂದ," ಎಂದಳು.

ಏಳು.

ಮತ್ತೆ ಮಾಡಿದೆವು. ಏಳು.

ನನ್ನ ಬೆರಳುಗಳು ಇದ್ದದ್ದು ಪರದೆಯ ಎಡ ಅಂಚಿನಲ್ಲಿ, ಅವಳಿಗೆ ಕಾಣದ ಜಾಗದಲ್ಲಿ. ಅಡುಗೆಮನೆಯಲ್ಲಿ ಅವ್ವ ರೇಡಿಯೋ ಹಾಕಿಕೊಂಡು ರಾಗಿ ಕೇರುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಮನೆ ಮನೆಯ ಹಾಗಿತ್ತು. ಐದು ಎಂದು ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಂದಿನ ವಾರ ನೋಡೋಣ ಎನಿಸಿತು. ಆ ಮಾತಿನ ರುಚಿ ನನ್ನ ನಾಲಿಗೆಗೆ ಚೆನ್ನಾಗಿ ಗೊತ್ತಿತ್ತು.

"ಎಷ್ಟಣ್ಣ?"

"ಏಳು."

ಅವಳು ಜಾಯ್‌ಸ್ಟಿಕ್ಕನ್ನು ಮಡಿಲಲ್ಲಿ ಇಟ್ಟುಕೊಂಡಳು. "ಸರಿಯಾಗಿ ನೋಡಿದ್ಯಾ?"

"ಎರಡು ಸಲ."

"ಸರಿ. ನಾಳೆ ಹೋಗಾಣ," ಎಂದಳು. ನಾನು ನೋಟ್‌ಬುಕ್ಕಿನಲ್ಲಿ ಏಳು ಎಂದೇ ಬರೆದೆ.

ಬೆಂಗಳೂರಿನಲ್ಲಿ ಸ್ಕ್ಯಾನ್ ಆಗಿ ರಿಪೋರ್ಟ್ ಬರಲು ಎರಡು ದಿನ. ಆ ಎರಡು ದಿನದ ಬಗ್ಗೆ ಏನು ಬರೆಯಲಿ. ಮೂರನೇ ದಿನ ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಹೊಸದಾಗಿ ಏನೂ ಬೆಳೆದಿಲ್ಲ ಎಂದರು. ಜ್ವರ, ನಿದ್ದೆ ಕಡಿಮೆ, ಪರೀಕ್ಷೆ ಪೇಪರ್ ತಿದ್ದಿದ ಆಯಾಸ, ಇಂಥದ್ದಕ್ಕೂ ನೋಟ ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಆಗಬಹುದು. "ಬಂದಿದ್ದು ಒಳ್ಳೇದಾಯ್ತು. ಆರು ತಿಂಗಳಿಗೆ ಮತ್ತೆ ಬನ್ನಿ." ಮತ್ತೆ ಬೆಳೆಯುವುದಿಲ್ಲ ಎಂದು ಅವರು ಹೇಳಲಿಲ್ಲ. ಹಾಗೆ ಯಾರೂ ಹೇಳುವುದಿಲ್ಲ ಎಂದು ಈಗ ನಮಗೆ ಗೊತ್ತಿದೆ. ಆರು ತಿಂಗಳು ಕೊಟ್ಟಿದ್ದಾರೆ. ಅಷ್ಟನ್ನು ಕೈಮುಗಿದು ತೆಗೆದುಕೊಂಡು ಬಂದೆವು.

ಇದನ್ನು ಮಂಜುಳ ಓದಿ ಕಾಗುಣಿತ ತಿದ್ದಿದ್ದಾಳೆ. ಮಿಕ್ಕಿದ್ದನ್ನು ಮುಟ್ಟಿಲ್ಲ. ಗೋಡೆಯ ಗೀಟುಗಳಿಗೆ ಸುಣ್ಣ ಹೊಡೆಯುತ್ತೇನೆಂದರೆ ಬೇಡ ಎಂದಳು.

ನಿನ್ನೆ ಭಾನುವಾರ. ಅಳತೆ ಮುಗಿಯಿತು, ಐದು. ಆಮೇಲೆ, "ಸುಮ್ನೆ ಒಂದಾಟ," ಎಂದಳು. ಶಕ್ತಿ ಹಂಚಿದಳು. "ಎಡಗಡೆಗೇ ಜಾಸ್ತಿ ಹಾಕೀನಿ. ಬಾ, ಕಳ್ಳ."

ನಾನು ಎಡ ಅಂಚಿನಲ್ಲಿ ಒಳಗೆ ಬಂದು ನಿಂತೆ. ಮುಂದೆ ಹೋಗಲಾಗಲಿಲ್ಲ. ಅವಳು ನಡುವಿನ ಹಡಗನ್ನೇ ನೋಡುತ್ತಿದ್ದಳು. ನಕ್ಷತ್ರಗಳು ಸುಮ್ಮನೆ ಹರಿಯುತ್ತಿದ್ದವು.

"ಬಂದ್ಯಾ?"

"ಹ್ಞೂಂ."

"ಎಲ್ಲಿದೀಯಾ, ಹೇಳು. ನಂಗೆ ಕಾಣ್ತಿಲ್ಲ."

"ಎಡಗಡೆ," ಎಂದೆ. "ಮೇಲಿನ ಮೂಲೇಲಿ."

ಅವಳು ಹಡಗನ್ನು ಆ ಕಡೆಗೆ ತಿರುಗಿಸಿಕೊಂಡಳು.

"ಹ್ಞಾ. ಈಗ ಬಾ."